ತಟ್ಟೆ ಇಟ್ಟು ಎದ್ದು ಹೋಗಿ

ನಿವೃತ್ತರಾದವರು ಹಳೆಯದನ್ನು ಬರೆಯುವಾಗ ಸ್ವಲ್ಪ ವಿನಯ ಇರಬೇಕು ಎಂದು ನನ್ನ ಗಂಡ ಹೇಳುತ್ತಾರೆ. ಅವರು ಬರೆಯುವಾಗ ಇಟ್ಟುಕೊಳ್ಳಲಿ. ನಾನು ಧಾರವಾಡದಲ್ಲಿ ಹುಟ್ಟಿ, ಆ ಕಡೆಯೇ ವೆಟರ್ನರಿ ಓದಿ, ಮದುವೆಯಾಗಿ ನ್ಯೂ ಜೆರ್ಸಿಗೆ ಬಂದು, ಇಲ್ಲಿಯ ಪರೀಕ್ಷೆಗಳನ್ನೆಲ್ಲ ಮತ್ತೆ ಮೊದಲಿನಿಂದ ಬರೆದು, ಈಸ್ಟ್ ಬ್ರನ್ಸ್‌ವಿಕ್‌ನ ಒಂದೇ ಕ್ಲಿನಿಕ್ಕಿನಲ್ಲಿ ನಾಯಿ ಬೆಕ್ಕುಗಳ ಡಾಕ್ಟರಾಗಿ ಕೂದಲು ಹಣ್ಣಾಗುವವರೆಗೆ ದುಡಿದವಳು. ಈಗ ನಮ್ಮ ಜನರ ಮಕ್ಕಳೂ ಒಬ್ಬೊಬ್ಬರಾಗಿ ಈ ಓದಿಗೆ ಸೇರುತ್ತಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ದೊಡ್ಡ ಆಪರೇಷನ್ನುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಬರೆಯುವುದು ಊಟ ಬೇಡವೆಂದು ಮುಖ ತಿರುಗಿಸುವ ಸಣ್ಣ ನಾಯಿಗಳ ಬಗ್ಗೆ. ನಗುವವರು ಈಗಲೇ ನಕ್ಕು ಮುಗಿಸಿ.

ನಗುವವರನ್ನು ನಾನು ಚೆನ್ನಾಗಿ ಬಲ್ಲೆ. ಕನ್ನಡದವರ ಯುಗಾದಿ ಊಟದ ಸಾಲಿನಲ್ಲಿ ನಿಂತಾಗ ಯಾರಾದರೂ ಕೇಳುತ್ತಿದ್ದರು. "ನೀವು ಡಾಕ್ಟರಂತೆ? ಯಾವ ಸ್ಪೆಷಾಲಿಟಿ?" ನಾಯಿ ಬೆಕ್ಕಿನ ಡಾಕ್ಟರು ಅನ್ನುತ್ತಿದ್ದೆ. "ಓ, ಹೌ ನೈಸ್" ಎಂದು ತಟ್ಟೆ ಹಿಡಿದುಕೊಂಡು ಮುಂದಕ್ಕೆ ಸರಿಯುತ್ತಿದ್ದರು, ಹಾರ್ಟ್ ಡಾಕ್ಟರ ಹೆಂಡತಿಯ ಕಡೆಗೆ. ಅದೇ ಮನುಷ್ಯ ಮುಂದಿನ ವಾರ ನನಗೆ ಫೋನು ಮಾಡುತ್ತಿದ್ದ. "ಡಾಕ್ಟ್ರೇ, ನಮ್ಮ ಕೋಕೋ ನೆನ್ನೆಯಿಂದ ಏನೂ ತಿಂದಿಲ್ಲ. ವಿ ಆರ್ ಸೋ ವರೀಡ್." ಬರ್ರಿ, ಕರಕೊಂಡು ಬರ್ರಿ ಅನ್ನುತ್ತಿದ್ದೆ. ನಾಯಿಯ ತಪ್ಪೇನಿದೆ ಅದರಲ್ಲಿ?

ನನಗೆ ಮೊದಲು ಕೆಲಸ ಕೊಟ್ಟವನು ಕ್ಲಿನಿಕ್ಕಿನ ಯಜಮಾನ ಫ್ರ್ಯಾಂಕ್. ಮುದುಕ, ದಪ್ಪ ಮೀಸೆ, ಬಾಯಿ ತೆರೆದರೆ ಬೈಗುಳ. ನಾನು ಕಾಲೇಜಿನಲ್ಲಿ ಓದಿದ್ದ ಪ್ರೋಟೀನು, ಕೊಬ್ಬು, ಖನಿಜಗಳ ಲೆಕ್ಕವನ್ನೆಲ್ಲ ನಾಯಿ ತಂದವರ ಮುಂದೆ ಒಪ್ಪಿಸುತ್ತಿದ್ದೆ. ಅವರು ತಲೆಯಾಡಿಸಿ ಹೋಗುತ್ತಿದ್ದರು. ಒಂದು ದಿನ ಫ್ರ್ಯಾಂಕ್ ನನ್ನನ್ನು ಪಕ್ಕಕ್ಕೆ ಕರೆದ. ಅವನ ಇಂಗ್ಲಿಷನ್ನು ನನ್ನ ಕನ್ನಡದಲ್ಲೇ ಹೇಳುತ್ತೇನೆ. "ಗಿರಿಜಾ, ನಾಯಿಗೆ ಏನು ಹಾಕ್ತೀರಿ ಅಂತ ಕೇಳಬೇಡ, ಎಲ್ಲರೂ ಸುಳ್ಳು ಹೇಳ್ತಾರೆ. ನಿನ್ನೆ ಹಾಕಿದ್ದನ್ನೇ ಡಬ್ಬಿಯಲ್ಲಿ ತರೋದಕ್ಕೆ ಹೇಳು." ಅಂದಿನಿಂದ ಡಬ್ಬಿ ತರಿಸಲು ಶುರುಮಾಡಿದೆ. ಅಯ್ಯೋ, ಆ ಡಬ್ಬಿಗಳಲ್ಲಿ ಏನೇನು ಬರುತ್ತಿತ್ತು! ತುಪ್ಪದಲ್ಲಿ ಅದ್ದಿದ ಚಪಾತಿ, ಪಿಜ್ಜಾದ ಅಂಚು, ಮೊಸರನ್ನ, ಮೊಸರನ್ನದೊಳಗೆ ಒಗ್ಗರಣೆಯ ಮೆಣಸಿನಕಾಯಿ. ಮಾತಿನಲ್ಲಿ ಕೇಳಿದ್ದಾಗ ಎಲ್ಲರೂ "ಓನ್ಲಿ ಡಾಗ್ ಫುಡ್" ಎಂದೇ ಹೇಳಿದ್ದರು.

ಡಬ್ಬಿಯೂ ಹೇಳದ ಸಂಗತಿಗಳಿರುತ್ತವೆ. ಹೋಬೋಕನ್‌ನಿಂದ ನವೀನ್ ಎಂಬ ಬೆಂಗಳೂರಿನ ಹುಡುಗ ಒಂದು ಪೊಮೆರೇನಿಯನ್ ಹಿಡಿದುಕೊಂಡು ಬಂದಿದ್ದ. ದಿನಾ ಫೆರಿ ದೋಣಿಯಲ್ಲಿ ಮ್ಯಾನ್‌ಹ್ಯಾಟನ್‌ಗೆ ಹೋಗಿ ಬರುವ ಕೆಲಸ. ನಾಯಿ ಮನೆಯಲ್ಲಿ ಏನೂ ಮೂಸುವುದಿಲ್ಲವೆಂದು ಕಣ್ಣಲ್ಲಿ ನೀರು ತಂದುಕೊಂಡ. ಹಿಂದೆ ನೋಡಿದ ಮೂವರು ಡಾಕ್ಟರೂ ನಾಯಿ ಆಹಾರದ ಒಂದೊಂದು ಹೊಸ ಚೀಲ ಬರೆದುಕೊಟ್ಟಿದ್ದರು. ನಾನು ನಾಯಿಯನ್ನು ತಕ್ಕಡಿಯ ಮೇಲೆ ನಿಲ್ಲಿಸಿದೆ. ಹಿಂದಿನ ಡಾಕ್ಟರ ಚೀಟಿಯಲ್ಲಿದ್ದದ್ದಕ್ಕಿಂತ ತೂಕ ಜಾಸ್ತಿ!

"ಏನಪ್ಪಾ, ಊಟ ಬಿಟ್ಟ ನಾಯಿ ಹಿಂಗ್ಯಾಕ ಉಬ್ಬಿ ಕೂತದ?" ಎಂದೆ.

ಆಮೇಲೆ ವಿಚಾರಿಸಿದರೆ, ಹಗಲು ಹೊತ್ತು ವಾಕಿಂಗ್ ಮಾಡಿಸುವವಳ ಜೇಬಿನಲ್ಲಿ ಬಿಸ್ಕತ್ತು, ಬಿಲ್ಡಿಂಗಿನ ಬಾಗಿಲು ಕಾಯುವವನ ಹತ್ತಿರ ಸಾಸೇಜು, ಎದುರು ಮನೆಯ ಇಟಾಲಿಯನ್ ಅಜ್ಜಿಯ ಹತ್ತಿರ ಮೀಟ್‌ಬಾಲು. ಸಂಜೆ ನವೀನ್ ಬರುವ ಹೊತ್ತಿಗೆ ನಾಯಿ ಮೂರು ಮನೆಯ ಊಟ ಮುಗಿಸಿ ಮಲಗಿರುತ್ತಿತ್ತು. ಇದನ್ನು ಹೇಳಿ ನಾನು ಸ್ವಲ್ಪ ಜೋರಾಗಿಯೇ ನಕ್ಕೆ. ಅವನಿಗೆ ಅವಮಾನವಾಯಿತು. "ಕನ್ನಡದವರು ಅಂತ ಅಷ್ಟು ದೂರದಿಂದ ಹೋದೆ, ವೆರಿ ರೂಡ್" ಎಂದು ಇಂಟರ್ನೆಟ್ಟಿನಲ್ಲಿ ಬರೆದ. ಅದು ಇನ್ನೂ ಅಲ್ಲೇ ಇದೆ, ಬೇಕಾದವರು ಓದಿಕೊಳ್ಳಬಹುದು. ಇವತ್ತು ಬಂದರೂ ಇನ್ನೊಂದು ಸಲ ಅಷ್ಟೇ ಜೋರಾಗಿ ನಗುತ್ತೇನೆ.

ಇನ್ನೊಂದು ಸಲ ಭಾನುವಾರ, ಬ್ರಿಡ್ಜ್‌ವಾಟರ್‌ನ ದೇವಸ್ಥಾನದ ಪಾರ್ಕಿಂಗಿನಿಂದ ಒಬ್ಬಾಕೆಯ ಫೋನು. ಕಾರಿನಲ್ಲಿ ಬಿಟ್ಟಿದ್ದ ನಾಯಿಮರಿ ಪ್ರಸಾದದ ದೊನ್ನೆಯನ್ನು ನೆಕ್ಕಿ ಖಾಲಿ ಮಾಡಿದೆ. ದೊನ್ನೆಯಲ್ಲಿದ್ದದ್ದು ದ್ರಾಕ್ಷಿ ಹಾಕಿದ ಕೇಸರಿಬಾತು.

"ಪ್ರಸಾದ ಅಲ್ವಾ ಆಂಟಿ, ಏನೂ ಆಗಲ್ಲ ಅಲ್ವಾ?"

"ದೇವರಿಗೆ ಏನೂ ಆಗೂದಿಲ್ಲವ್ವಾ. ನಾಯಿ ಕಿಡ್ನಿಗೆ ಆಗ್ತದ. ಮನೀಗೆ ಹೋಗಬ್ಯಾಡ, ಸೀದಾ ಎಮರ್ಜೆನ್ಸಿಗೆ ನಡಿ."

ಪುಣ್ಯಕ್ಕೆ ಮರಿ ಉಳಿಯಿತು. ಮುಂದಿನ ತಿಂಗಳು ಒಂದು ಸತ್ಯನಾರಾಯಣ ಪೂಜೆಯಲ್ಲಿ ಹಿರಿಯರೊಬ್ಬರು, ಪ್ರಸಾದವನ್ನು ವಿಷ ಅಂದ ಡಾಕ್ಟರು ನೀವೇ ಏನಮ್ಮ ಎಂದು ಎಲ್ಲರ ಎದುರು ಕೇಳಿದರು. ಹೌದ್ರಿ, ನಾನೇ ಎಂದೆ. ಒಣದ್ರಾಕ್ಷಿ, ಹಸಿ ದ್ರಾಕ್ಷಿ, ಈರುಳ್ಳಿ, ಚಾಕೊಲೇಟು, ಇವು ಯಾವ ದೇವರ ಹೆಸರಿನಲ್ಲಿ ಬಂದರೂ ನಾಯಿಗೆ ಬೇಡ. ಹೊಸದಾಗಿ ಬರುವ ಡಾಕ್ಟರುಗಳೇ, ಈ ಮಾತು ಹೇಳಿ ಬೈಸಿಕೊಳ್ಳಬೇಕಾಗುತ್ತದೆ. ಬೈಸಿಕೊಳ್ಳಿ.

ಫ್ರ್ಯಾಂಕ್ ವಯಸ್ಸಾಯಿತೆಂದು ಕ್ಲಿನಿಕ್ಕನ್ನು ಒಂದು ದೊಡ್ಡ ಕಂಪನಿಗೆ ಮಾರಿದ. ಗೋಡೆಯ ಬಣ್ಣ ಬದಲಾಯಿತು, ಕುರ್ಚಿ ಬದಲಾಯಿತು, ಒಂದೊಂದು ನಾಯಿಗೆ ಇಂತಿಷ್ಟೇ ನಿಮಿಷ ಎಂಬ ಕಟ್ಟಳೆ ಬಂತು. ಡಬ್ಬಿ ತರಿಸುವುದು ನಿಂತಿತು, ವಾಸನೆ ಬರುತ್ತದಂತೆ. ಊಟದ ಬಗ್ಗೆ ಮಾತು ಬೇಡ, ಛಾಪಿಸಿದ ಹಾಳೆ ಕೊಟ್ಟು ಕಳಿಸಿ ಎಂದರು. ಯಾರ ಮನೆಗೂ ಹೋಗುವಂತಿಲ್ಲ, ಇನ್ಶೂರೆನ್ಸ್ ಇಲ್ಲ. ನಮ್ಮ ಮೇಲಿನ ಡಾಕ್ಟರಾಗಿ ಕೆವಿನ್ ಎಂಬ ಹುಡುಗ ಬಂದ. ಕೆಟ್ಟವನಲ್ಲ. ಕೈ ಬಹಳ ಚೊಕ್ಕ, ಹೊಲಿಗೆ ಹಾಕಿದರೆ ನೋಡುತ್ತ ನಿಲ್ಲಬೇಕು. ಆದರೆ ನಾಯಿ ಊಟ ಬಿಟ್ಟಿದೆ ಅಂದರೆ ಅವನ ಬಾಯಲ್ಲಿ ಒಂದೇ ಮಾತು, ಹಸಿವಾದಾಗ ತಾನೇ ತಿನ್ನುತ್ತದೆ. ಲ್ಯಾಬ್ರಡಾರ್‌ಗೆ ಆ ಮಾತು ನಡೆಯುತ್ತದೆ. ಅಂಗೈಯಷ್ಟು ಮರಿಯನ್ನು ಹಾಗೆ ಬಿಟ್ಟರೆ ರಕ್ತದಲ್ಲಿ ಸಕ್ಕರೆ ಇಳಿದು, ತಿನ್ನುವ ಮೊದಲೇ ಬಿದ್ದುಹೋಗುತ್ತದೆ.

ಈ ಕಾಲದಲ್ಲಿಯೇ ಪುಟಾಣಿ ಬಂದಳು. ಅವಳ ಕಥೆ ಹೇಳುವುದಕ್ಕೇ ಇಷ್ಟೂ ಬರೆದೆ.

ಪುಟಾಣಿ ಬಿಳಿಯ ಮಾಲ್ಟೀಸ್ ಮರಿ. ಒಂದು ತೆಂಗಿನಕಾಯಿಯಷ್ಟು ಭಾರ. ಕರೆತಂದವರು ಶ್ರೀಕಾಂತ್ ಮತ್ತು ಅವನ ಹೆಂಡತಿ ಮಂಜುಳಾ, ಮೈಸೂರು ಕಡೆಯವರು. ಅವನು ಬ್ರಿಡ್ಜ್‌ವಾಟರ್‌ನಲ್ಲಿ ಔಷಧದ ಕಂಪನಿಯಲ್ಲಿದ್ದ, ಅವಳು ನ್ಯೂಯಾರ್ಕಿಗೆ ರೈಲಿನಲ್ಲಿ ಕಮ್ಯೂಟ್ ಮಾಡುತ್ತಿದ್ದಳು. ಮಗಳು ಕಾಲೇಜಿಗೆ ಹೋದ ಮೇಲೆ ಮನೆ ಭಣಭಣ ಅನ್ನುತ್ತದೆಂದು ಮರಿ ತಂದಿದ್ದರು. ಮನೆಯಲ್ಲಿ ಇನ್ನೊಬ್ಬರಿದ್ದರು, ಶ್ರೀಕಾಂತನ ತಾಯಿ ಜಾನಕಮ್ಮ. ಪುಟಾಣಿ ಸೋಫಾದಿಂದ ಕೆಳಗೆ ಹಾರಿದ್ದಳು, ಅಷ್ಟೇ. ಮುಂಗಾಲು ಮುರಿದಿತ್ತು.

ಎಕ್ಸ್‌ರೇಯನ್ನು ಎರಡೆರಡು ಸಲ ನೋಡಿದೆ. ಮೂಳೆಗಳು ಬೆಳ್ಳಗೆ ಕಾಣಬೇಕು, ಇವಳ ಮೂಳೆ ಸುತ್ತಲಿನ ಮಾಂಸದಷ್ಟೇ ಮಂಕಾಗಿತ್ತು. ಸೋಫಾ ಏನು, ಹೊಸಿಲು ದಾಟಿದ್ದರೂ ಮುರಿಯುತ್ತಿತ್ತು.

"ಇವಳಿಗೆ ಏನ್ ಹಾಕ್ತೀರಿ?" ಎಂದು ಕೇಳಿದೆ.

ಶ್ರೀಕಾಂತನಿಗೆ ಸಿಟ್ಟೇ ಬಂತು. "ಡಾಕ್ಟ್ರೇ, ಷಿ ಈಟ್ಸ್ ಬೆಟರ್ ದ್ಯಾನ್ ಅಸ್. ದಿನಾ ಚಿಕನ್, ಅದೂ ಆರ್ಗ್ಯಾನಿಕ್. ನಮ್ಮನೇಲಿ ಮೊಟ್ಟೇನೂ ತರೋಲ್ಲ. ದೇವರಮನೆ ಪಕ್ಕಾನೇ ಅಡುಗೆಮನೆ, ಅಲ್ಲಿ ಮಾಡೋಕಾಗಲ್ಲ ಅಂತ ಗ್ಯಾರೇಜಲ್ಲಿ ಕರೆಂಟ್ ಒಲೆ ಇಟ್ಟಿದೀನಿ. ಚಳಿಗಾಲದಲ್ಲೂ ಡೋರ್ ಓಪನ್ ಮಾಡ್ಕೊಂಡು, ಜಾಕೆಟ್ ಹಾಕ್ಕೊಂಡು ನಾನೇ ಕುಕ್ ಮಾಡಿದೀನಿ."

"ಕೋಳಿಯ ಯಾವ ಭಾಗ?"

"ಬ್ರೆಸ್ಟ್. ಬೋನ್‌ಲೆಸ್, ಸ್ಕಿನ್‌ಲೆಸ್. ಬೇಯಿಸಿ, ಆ ನೀರು ಚೆಲ್ಲಿ, ಮತ್ತೆ ತೊಳೆದು ಹಾಕ್ತೀವಿ. ಬೇರೆ ಏನು ಕೊಟ್ರೂ ಮೂಸೋದೂ ಇಲ್ಲ."

ನೋಡಿ, ಇದು ನಮ್ಮವರು ಮಾತ್ರ ಮಾಡುವ ತಪ್ಪು. ಮಾಂಸ ತಿನ್ನುವ ಮನೆಯ ನಾಯಿಗೆ ಸಾರು, ಲಿವರ್ರು, ಅನ್ನ, ಮೊಟ್ಟೆ, ಕೈಗೆ ಸಿಕ್ಕಿದ್ದೆಲ್ಲ ಬೀಳುತ್ತದೆ. ಇವರು ಸಸ್ಯಾಹಾರಿಗಳು, ನಾಯಿಯ ಮೇಲಿನ ಪ್ರೀತಿಗೆ ತಮ್ಮ ನೇಮ ಮುರಿದರು. ಮುರಿದ ಮೇಲೂ ಮನಸ್ಸು ಒಪ್ಪಬೇಕಲ್ಲ! ಅದಕ್ಕೆ ಕೋಳಿಯಲ್ಲಿ ಪನೀರಿನಂತೆ ಕಾಣುವ ತುಂಡನ್ನೇ ಹುಡುಕಿ, ಅದರ ರಸವನ್ನೂ ಚೆಲ್ಲಿ, ಬರೀ ಬಿಳಿಯ ನಾರನ್ನು ಮರಿಗೆ ಹಾಕಿದರು. ಅದರಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನಬಹುದು. ರಕ್ತಕ್ಕೆ ಕ್ಯಾಲ್ಸಿಯಂ ಬೇಕೇ ಬೇಕು, ಊಟದಲ್ಲಿ ಸಿಗದಿದ್ದರೆ ಮೈ ತನ್ನ ಮೂಳೆಯಿಂದಲೇ ಕಿತ್ತುಕೊಳ್ಳುತ್ತದೆ. ಪುಟಾಣಿ ತಿಂಗಳುಗಟ್ಟಲೆ ತನ್ನ ಕಾಲನ್ನೇ ತಿನ್ನುತ್ತಿದ್ದಳು.

ಇದನ್ನು ಹೇಳಿದಾಗ ಮಂಜುಳಾ ಮುಖ ಮುಚ್ಚಿಕೊಂಡು ಅತ್ತಳು. ಹಾಗಾದರೆ ಕ್ಯಾಲ್ಸಿಯಂ ಮಾತ್ರೆ ಪುಡಿ ಮಾಡಿ ಹಾಕೋಣವೇ ಎಂದು ಶ್ರೀಕಾಂತ್ ಕೇಳಿದ. ಬೇಡ ಎಂದೆ. ಅಳತೆ ತಪ್ಪಿದರೆ ಅದೂ ಕೆಡುಕೇ. ಬೆಳೆಯುವ ಮರಿಗೆಂದೇ ಎಲ್ಲ ಅಂಶ ಅಳೆದು ಮಾಡಿದ ಪೂರ್ತಿ ಊಟ ಅವಳ ಹೊಟ್ಟೆಗೆ ಹೋಗಬೇಕಿತ್ತು.

ಕೆವಿನ್ ಎಕ್ಸ್‌ರೇ ನೋಡಿ ತಲೆ ಅಲ್ಲಾಡಿಸಿದ. "ಈ ಮೂಳೆಗೆ ಪ್ಲೇಟು ಹಾಕೋದಕ್ಕಾಗಲ್ಲ, ಸ್ಕ್ರೂ ಹಿಡಿಯಲ್ಲ. ಹೀಗೇ ಬಿಟ್ಟರೆ ಇನ್ನೊಂದು ಕಾಲೂ ಹೋಗುತ್ತೆ, ಬೆನ್ನೂ ಹೋಗಬಹುದು. ಇಂಜೆಕ್ಷನ್ ಕೊಟ್ಟು ನೋವು ಮುಗಿಸೋದೂ ಒಂದು ದಾರಿ ಅಂತ ಅವರಿಗೆ ಹೇಳು."

"ಊಟ ಸರಿಹೋದರೆ ಮೂಳೆ ಗಟ್ಟಿಯಾಗುತ್ತೆ. ಬೋನಿನಲ್ಲಿಟ್ಟು, ಕಾಲಿಗೆ ಪಟ್ಟಿ ಕಟ್ಟಿ ನೋಡೋಣ."

"ತಿಂದರೆ ತಾನೇ? ಕೋಳಿ ಬಿಟ್ಟು ಬೇರೇನೂ ಮುಟ್ಟಲ್ಲ ಅಂತ ನೀನೇ ಬರೆದಿದ್ದೀಯ. ಶುಕ್ರವಾರದವರೆಗೆ ನೋಡು. ಆಗಲೂ ತಿನ್ನದಿದ್ದರೆ ಆ ಮಾತು ಹೇಳಲೇಬೇಕು."

ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ತಿಂದರೆ ಬದುಕು, ಇಲ್ಲದಿದ್ದರೆ ಇಲ್ಲ. ಅಂದು ಸೋಮವಾರ. ಕಾಲಿಗೆ ಪಟ್ಟಿ ಕಟ್ಟಿ, ಬೋನು ಮತ್ತು ಹೊಸ ಊಟ ಕೊಟ್ಟು ಮನೆಗೆ ಕಳಿಸಿದೆ.

ಮಂಗಳವಾರ ಮಂಜುಳಾ ಫೋನು ಮಾಡಿದಳು, ಹೊಸ ಊಟವನ್ನು ಪುಟಾಣಿ ಮೂಸಿಯೂ ನೋಡಿಲ್ಲ ಎಂದು. ಕೆಲಸ ಮುಗಿಸಿ ನನ್ನ ಕಾರಿನಲ್ಲಿ ಅವರ ಮನೆಗೆ ಹೋದೆ. ಕಂಪನಿಯ ಕಟ್ಟಳೆ ನನಗೆ ಗೊತ್ತಿತ್ತು. ನಾಯಿ ಹೇಗೆ ತಿನ್ನುತ್ತದೆಂದು ಅದು ತಿನ್ನುವ ಜಾಗದಲ್ಲಿ ನೋಡದೆ ಔಷಧ ಹೇಳುವವರು ಹೇಳಿಕೊಳ್ಳಲಿ, ನನ್ನಿಂದ ಆಗುವುದಿಲ್ಲ.

ಅಲ್ಲಿ ಕಂಡದ್ದೇನು? ಬೋನಿನ ಬಾಗಿಲು ತೆಗೆದಿದೆ. ಎದುರಿಗೆ ಮಣೆ ಹಾಕಿಕೊಂಡು ಜಾನಕಮ್ಮ ಕೂತಿದ್ದಾರೆ, ಕೈಯಲ್ಲಿ ಸ್ಟೀಲಿನ ತಟ್ಟೆ. "ನನ್ ಬಂಗಾರ, ಒಂದೇ ಒಂದ್ ತುತ್ತು. ಇದು ಅಪ್ಪನ ತುತ್ತು. ಇದು ಅಮ್ಮನ್ ತುತ್ತು." ಶ್ರೀಕಾಂತ್ ಶಿಳ್ಳೆ ಹಾಕುತ್ತಿದ್ದಾನೆ. ಮಂಜುಳಾ ಮಗಳಿಗೆ ಕಳಿಸಲು ವಿಡಿಯೋ ಮಾಡುತ್ತಿದ್ದಾಳೆ. ಪುಟಾಣಿ ಮುಖ ಆಚೆ ತಿರುಗಿಸಿದಳು. ಕೂಡಲೇ ತಟ್ಟೆಯಲ್ಲಿ ಕೋಳಿ ಬಂತು. ಅದಕ್ಕೂ ತಿರುಗಿಸಿದಳು, ಚೀಸು ಬಂತು. ಬೇಡ ಅಂದಷ್ಟೂ ಒಳ್ಳೆಯದು ಬರುವಾಗ ಯಾರು ತಾನೆ ಬೇಕು ಅಂತಾರೆ?

"ಎಲ್ಲಾರೂ ಏಳ್ರಿ," ಎಂದೆ. "ಆ ಕೋಳಿ ಬೇಯಿಸಿದ ನೀರು ಇನ್ನ ಚೆಲ್ಲಬ್ಯಾಡ್ರಿ. ಹೊಸಾ ಊಟಕ್ಕ ಅದನ್ನ ಬೆಚ್ಚಗ ಮಾಡಿ ಕಲಸ್ರಿ, ಎರಡ ಎಳಿ ಕೋಳಿ ಸೇರಸ್ರಿ. ತಟ್ಟಿ ಇಟ್ಟು ಎದ್ದು ಹೋಗ್ರಿ. ಸ್ವಲ್ಪ ಹೊತ್ತಿಗೆ ತಿಂದ್ರ ತಿಂತು, ಇಲ್ಲಂದ್ರ ತಟ್ಟಿ ತಗೀರಿ. ಕೆಲವು ತಾಸು ಬಿಟ್ಟು ಮತ್ತ ಇಡ್ರಿ. ನಡುವ ಏನೂ ಇಲ್ಲ. ಕಾಲು ತಡವರಿಸಿದ್ರ ವಸಡಿಗೆ ಜೇನುತುಪ್ಪ ಹಚ್ಚಿ ನನಗ ಫೋನ್ ಮಾಡ್ರಿ. ಮತ್ತ, ಯಾರೂ ಮಾತಾಡಬಾರ್ದು."

ಜಾನಕಮ್ಮ ತಟ್ಟೆ ಬಿಡಲಿಲ್ಲ. "ಏನು ಡಾಕ್ಟ್ರಮ್ಮ ನೀವು ಹೇಳೋದು? ಬಡಿಸಿ ಎದ್ದು ಹೋಗೋದಾ? ನಮ್ಮಲ್ಲಿ ಆಗದೋರು ಮನೆಗೆ ಬಂದ್ರೂ ಇನ್ನೊಂದು ಚೂರು ಹಾಕಿಸ್ಕೊಳಿ ಅಂತ ಒತ್ತಾಯ ಮಾಡ್ತೀವಿ. ಇದು ಬಾಯಿಲ್ಲದ ಕೂಸು. ಕಾಲು ಬೇರೆ ಮುರಿದಿದೆ."

"ನಮ್ಮ ಕಡೇನೂ ಒತ್ತಾಯ ಮಾಡ್ತೀವ್ರಿ, ನಿಮಗಿಂತ ಜಾಸ್ತಿ. ಅದು ಮನಷ್ಯಾರಿಗೆ. ಈ ಕೂಸಿಗೆ ನಿಮ್ಮ ಒತ್ತಾಯನ ಕುತ್ತು ಆಗೇದ."

ಅವರು ನನ್ನ ಮುಖವನ್ನು ನೋಡಿದ ರೀತಿ ನೆನೆದರೆ ಈಗಲೂ ಕಸಿವಿಸಿಯಾಗುತ್ತದೆ. ಆದರೂ ಆ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಬುಧವಾರವೂ ಪುಟಾಣಿ ತಿನ್ನಲಿಲ್ಲ. ರಸವನ್ನು ಮಾತ್ರ ಎರಡು ಸಲ ನೆಕ್ಕಿದಳಂತೆ. ಜಾನಕಮ್ಮ ಬಾಗಿಲ ಸಂದಿಯಿಂದ ನೋಡುತ್ತಿದ್ದರು, ಪುಟಾಣಿ ಆ ಸಂದಿಯನ್ನೇ ನೋಡುತ್ತ ಕೂತಿದ್ದಳು ಎಂದು ಮಂಜುಳಾ ಹೇಳಿದಳು. ಅವಳು ಈ ಫೋನನ್ನು ಕ್ಲಿನಿಕ್ಕಿಗೇ ಮಾಡಿದ್ದಳು. ನಿನ್ನೆ ಮನೆಗೆ ಬಂದುಹೋದದ್ದಕ್ಕೆ ಥ್ಯಾಂಕ್ಸ್ ಎಂದು ಫೋನು ಎತ್ತಿದವರಿಗೂ ಹೇಳಿಬಿಟ್ಟಿದ್ದಳು. ಕೆವಿನ್ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದ.

"ನಾಯಿ ಸತ್ತರೆ ಕಂಪನಿ ನಿನ್ನ ಪರ ನಿಲ್ಲಲ್ಲ, ಗಿರಿಜಾ. ನಾನು ಮೇಲಿನವರಿಗೆ ತಿಳಿಸಲೇಬೇಕು."

"ತಿಳಿಸು. ನನ್ನ ಹೆಸರಿನ ಸ್ಪೆಲಿಂಗ್ ಮಾತ್ರ ಸರಿಯಾಗಿ ಬರೆ."

ಅವನು ನಗಲಿಲ್ಲ. "ಅದು ಬಿಡು. ಅಷ್ಟು ಸಣ್ಣ ಮರಿ. ಸಕ್ಕರೆ ಇಳಿದು ಬಿದ್ದರೆ ಆಸ್ಪತ್ರೆಗೆ ತರೋವರೆಗೂ ಉಳಿಯಲ್ಲ. ಆ ಹೊತ್ತಿಗೆ ನೀನು ಅಲ್ಲಿ ಇರ್ತೀಯಾ?"

ಆ ಮಾತು ನನಗೆ ನಾಟಿತು. ಹೌದಲ್ಲ, ಹೇಳಿ ಬಂದುಬಿಟ್ಟೆ, ಕಾಯುವವರು ಯಾರು? ಗುರುವಾರ ರಜೆ ಹಾಕಿ, ಗ್ಲೂಕೋಸು, ಸಿರಿಂಜು ಚೀಲಕ್ಕೆ ಹಾಕಿಕೊಂಡು ಬೆಳಿಗ್ಗೆಯೇ ಆ ಮನೆಗೆ ಹೋಗಿ ಕೂತೆ.

ಗಂಡ ಹೆಂಡತಿ ಕೆಲಸಕ್ಕೆ ಹೋದರು. ಉಳಿದವರು ನಾನು, ಜಾನಕಮ್ಮ, ಪುಟಾಣಿ. ಬೆಳಗಿನ ತಟ್ಟೆ ಹಾಗೆಯೇ ವಾಪಸು ಬಂತು. ಸಕ್ಕರೆ ನೋಡಿದೆ, ಕೆಳಗಿತ್ತು, ಭಯಪಡುವಷ್ಟಲ್ಲ. ವಸಡಿಗೆ ಜೇನು ಹಚ್ಚಿದೆ. ಜಾನಕಮ್ಮ ಆ ಕಡೆ ಈ ಕಡೆ ಓಡಾಡಿದರು, ದೇವರಮನೆಗೆ ಹೋದರು, ಬಂದರು, ಕೊನೆಗೆ ನನ್ನ ಎದುರಿಗೆ ನಿಂತು ಅತ್ತೇಬಿಟ್ಟರು.

"ಹಸಿವಲ್ಲಿಟ್ಟು ಕೊಲ್ತಾ ಇದೀರಲ್ಲಮ್ಮ. ನಿಮಗೆ ಕರುಳು ಅನ್ನೋದು ಇಲ್ವಾ?"

ನನಗೂ ರೇಗಿತು. "ನನಗ ಕರುಳ ಇಲ್ಲದಿದ್ರ ರಜಾ ಹಾಕಿ ಇಲ್ಲಿ ಯಾಕ ಕೂಡ್ತಿದ್ದೆ?" ಎಂದು ಬಾಯಿ ಮಾಡಿದೆ. ಆಮೇಲೆ ಅವರ ಮುಖ ಸರಿಯಾಗಿ ನೋಡಿದೆ. ತುಟಿ ಒಣಗಿತ್ತು, ಗೋಡೆ ಹಿಡಿದುಕೊಂಡು ನಿಂತಿದ್ದರು.

"ಜಾನಕಮ್ಮ, ನೀವು ಏನರ ತಿಂದೀರೇನು?"

"ಅದು ತಿನ್ನದೆ ನಾನು ಹೇಗಮ್ಮ ತಿನ್ಲಿ? ಸೋಮವಾರದಿಂದ ಏನೋ ಒಂದು ಲೋಟ ಹಾಲು, ಒಂದು ಬಾಳೆಹಣ್ಣು."

"ಅದಕ್ಕಿಂತ ಮೊದಲು? ದಿನಾ ಯಾವಾಗ ಉಣ್ತಿದ್ರಿ?"

ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಎಲ್ಲರದೂ ಆದ ಮೇಲೆ, ಎಂದರು. ಮಗ ಸೊಸೆ ಉಂಡು, ನಾಯಿಗೆ ಹಾಕಿ, ಪಾತ್ರೆ ಎತ್ತಿಟ್ಟು, ಕೊನೆಗೆ ಅಡುಗೆಮನೆಯಲ್ಲಿ ಉಳಿದದ್ದನ್ನು ಕಲಸಿಕೊಂಡು ನಿಂತೇ ಉಣ್ಣುವುದು. ಮದುವೆಯಾಗಿ ಬಂದಾಗಿನಿಂದ ಹೀಗೇ ಎಂದರು. ಯಾರೂ ಹಾಗೆ ಮಾಡು ಎಂದು ಹೇಳಿರಲಿಲ್ಲವಂತೆ, ಮಾಡಬೇಡ ಎಂದೂ ಹೇಳಿರಲಿಲ್ಲ.

ನಾನು ಪುಟಾಣಿಯ ಕಡೆ ನೋಡಿದೆ. ಈ ಮರಿ ಬಂದಾಗಿನಿಂದ ಹಗಲೆಲ್ಲ ಇವರೊಬ್ಬರ ಜೊತೆ ಇರುತ್ತದೆ. ಇವರು ಉಣ್ಣುವುದನ್ನು ಅದು ಒಂದು ದಿನವೂ ನೋಡಿಲ್ಲ. ತಟ್ಟೆ ಬಂದಾಗಲೆಲ್ಲ ಅದು ನೋಡಿರುವುದು ತನ್ನನ್ನೇ ದಿಟ್ಟಿಸುವ ಎರಡು ಕಣ್ಣು. ನಾಯಿ ಗುಂಪಿನಲ್ಲಿ ಉಣ್ಣುವ ಪ್ರಾಣಿ. ಎಲ್ಲರೂ ಉಪವಾಸ ಕೂತು ತನ್ನನ್ನೇ ನೋಡುತ್ತಿದ್ದರೆ ಆ ತಟ್ಟೆಯ ಮೇಲೆ ಅದಕ್ಕೆ ಅನುಮಾನ ಬರದೆ ಇರುತ್ತದೆಯೇ?

ಇದನ್ನು ಯಾವ ಕಾಲೇಜಿನಲ್ಲೂ ನನಗೆ ಕಲಿಸಿರಲಿಲ್ಲ. ಸರಿಯೋ ತಪ್ಪೋ ಎಂದು ಯೋಚಿಸುತ್ತ ಕೂರುವ ಹೊತ್ತೂ ಅದಾಗಿರಲಿಲ್ಲ.

"ಕೂಡ್ರಿ," ಎಂದೆ. "ಮೊದ್ಲ ನೀವು ಉಣ್ರಿ. ನಾ ಬಡಸ್ತೀನಿ."

"ಅಯ್ಯೋ, ಸಾಧ್ಯವೇ ಇಲ್ಲ. ಮನೆಗೆ ಬಂದೋರು ನೀವು, ಮಧ್ಯಾಹ್ನ ಶ್ರೀಕಾಂತ ಬೇರೆ ಬರ್ತಾನೆ..."

"ಶ್ರೀಕಾಂತ ಕೈಕಾಲು ಗಟ್ಟಿ ಇರೋ ಮನಷ್ಯಾ, ಬಂದು ಹಾಕ್ಕೊಂಡು ತಿಂತಾನ. ನಾಯಿ ಉಳೀಬೇಕೋ ಬ್ಯಾಡೋ?"

ಅವರು ಕೂತರು. ಅನ್ನಕ್ಕೆ ಇಟ್ಟೆ. ಫ್ರಿಜ್ಜಿನಲ್ಲಿದ್ದ ಬೀನ್ಸಿನ ಹುಳಿ ಬಿಸಿ ಮಾಡಿದೆ, ಹಪ್ಪಳ ಸುಟ್ಟೆ. ಬೋನಿನಿಂದ ನಾಲ್ಕು ಹೆಜ್ಜೆ ಆಚೆ, ಪುಟಾಣಿಗೆ ಬೆನ್ನು ಮಾಡಿ, ನೆಲದ ಮೇಲೆಯೇ ಇಬ್ಬರೂ ತಟ್ಟೆ ಇಟ್ಟುಕೊಂಡು ಕೂತೆವು. ಪುಟಾಣಿಯ ತಟ್ಟೆಯನ್ನು ಬೋನಿನಲ್ಲಿಟ್ಟು ಬಂದಿದ್ದೆ. ನಾನು ಜಾನಕಮ್ಮನಿಗೆ ಒಂದು ಸಲವೂ "ಇನ್ನೊಂದು ಚೂರು" ಎನ್ನಲಿಲ್ಲ. ಧಾರವಾಡದವಳಾಗಿ ಅದು ನನಗೆ ಎಷ್ಟು ಕಷ್ಟವಾಯಿತೆಂದು ನನಗೇ ಗೊತ್ತು.

ಮೊದಲ ತುತ್ತನ್ನು ಅವರು ನುಂಗಲಾರದೆ ನುಂಗಿದರು. ಎರಡನೆಯದಕ್ಕೆ ತುಪ್ಪ ಎಲ್ಲಿ ಎಂದು ಕೇಳಿದರು. ಆಮೇಲೆ ಹೊಟ್ಟೆ ಹಸಿದವರು ಉಣ್ಣುವಂತೆ ತಲೆ ತಗ್ಗಿಸಿ ಉಂಡರು. ನಡುವೆ ಒಂದು ಸಲ, "ಹೊಗೆಯಾಡೋ ಅನ್ನ ತಿಂದು ಎಷ್ಟು ಕಾಲವಾಯ್ತೋ" ಎಂದರು, ನನಗಲ್ಲ, ತಟ್ಟೆಗೆ.

ಆಗ ಹಿಂದಿನಿಂದ ಸದ್ದು ಬಂತು. ಸ್ಟೀಲಿನ ತಟ್ಟೆಯನ್ನು ಸಣ್ಣ ನಾಲಿಗೆ ನೆಕ್ಕುವ ಸದ್ದು. ಜಾನಕಮ್ಮನ ಕೈ ಬಾಯಿಯ ಹತ್ತಿರವೇ ನಿಂತಿತು.

"ತಿರುಗಬ್ಯಾಡ್ರಿ," ಎಂದು ಪಿಸುಗುಟ್ಟಿದೆ. "ಉಣ್ರಿ."

ಅವರು ಉಂಡರು. ಕಣ್ಣೀರು ಹುಳಿಯನ್ನಕ್ಕೆ ಬೀಳುತ್ತಿತ್ತು. ಹಿಂದೆ ಅಗಿಯುವ ಸದ್ದು ಶುರುವಾಯಿತು. ನಾನೂ ಅತ್ತೆ. ಯಾಕೆ ಮುಚ್ಚಿಡಲಿ? ಆ ವೃತ್ತಿಯಲ್ಲಿ ನನಗೆ ಅಷ್ಟು ಸಂತೋಷ ಮತ್ತೆ ಆಗಿಲ್ಲ.

ಪವಾಡವೇನೂ ಆಗಲಿಲ್ಲ. ಅಂದು ಅರ್ಧ ತಿಂದಳು, ಸಂಜೆ ಕಾಲುಭಾಗ. ಶುಕ್ರವಾರ ಬೆಳಿಗ್ಗೆ, ಜಾನಕಮ್ಮ ಉಪ್ಪಿಟ್ಟಿನ ತಟ್ಟೆ ಹಿಡಿದು ಬೆನ್ನು ಮಾಡಿ ಕೂತಾಗ, ಪೂರ್ತಿ ಮುಗಿಸಿದಳು. ಕೆವಿನ್ ಎಲ್ಲ ಕೇಳಿದ. ನಾನು ಹೇಳಿದ್ದನ್ನು ನಂಬಿದನೋ ಇಲ್ಲವೋ ಗೊತ್ತಿಲ್ಲ. ಪುಟಾಣಿಯ ಕಾಲಿನ ಪಟ್ಟಿ ಸಡಿಲವಾಗಿತ್ತು, ಅದನ್ನು ಬಿಚ್ಚಿ ತಾನೇ ಮತ್ತೆ ಕಟ್ಟಿದ, ಬಹಳ ಹೊತ್ತು ತೆಗೆದುಕೊಂಡು, ಬಹಳ ಚೊಕ್ಕವಾಗಿ. ಇಂಜೆಕ್ಷನ್ನಿನ ಮಾತು ಎತ್ತಲಿಲ್ಲ. ಕಂಪನಿಯಿಂದ ನನಗೆ ಎಚ್ಚರಿಕೆ ಬಂತು, ಇನ್ನು ಮುಂದೆ ಯಾರ ಮನೆಗೂ ಹೋಗಕೂಡದೆಂದು. ಆ ಮೇಲೂ ಹೋದೆ. ಕೆಲಸ ಬಿಡುವ ದಿನದವರೆಗೂ ಹೋದೆ. ಹೊಸಬರೇ, ನಿಮಗೂ ಎಚ್ಚರಿಕೆ ಬರುತ್ತದೆ, ನೀವೂ ಹೋಗಿ. ಆದರೆ ಹೋದ ಮೇಲೆ ಕೂತು ಕಾಯಿರಿ. ಅದನ್ನು ನನಗೆ ಕಲಿಸಿದವನು ಕೆವಿನ್, ಆ ಋಣ ನಾನು ಮರೆಯುವುದಿಲ್ಲ.

ಊಟದಲ್ಲಿ ಕೋಳಿ ದಿನದಿನಕ್ಕೆ ಕಡಿಮೆಯಾಯಿತು, ಗ್ಯಾರೇಜಿನ ಒಲೆ ಆರಿತು. ಕೆಲವು ವಾರ ಕಳೆದು ಮತ್ತೆ ಎಕ್ಸ್‌ರೇ ತೆಗೆದೆವು. ಮೂಳೆ ಬೆಳ್ಳಗೆ ಕಂಡಿತು, ಮುರಿದ ಜಾಗ ಕೂಡಿತ್ತು. ಪುಟಾಣಿಯನ್ನು ನೆಲಕ್ಕೆ ಬಿಟ್ಟರೆ ನಾಲ್ಕು ಕಾಲೂರಿ ನಿಂತು ಕೆವಿನ್‌ನ ಬೂಟಿನ ದಾರ ಎಳೆಯತೊಡಗಿದಳು. ಆ ದಿನ ಶ್ರೀಕಾಂತ್ ತಾಯಿಯನ್ನೂ ಕರೆದುಕೊಂಡು ಬಂದಿದ್ದ. ಅವನಿಗೆ ಏನೋ ಕೇಳಬೇಕಿತ್ತು, ಹೇಗೆ ಕೇಳುವುದೆಂದು ತಿಳಿಯದೆ ಕಾರಿನ ಕೀ ತಿರುಗಿಸುತ್ತ ನಿಂತಿದ್ದ.

"ಡಾಕ್ಟ್ರೇ, ಇಟ್ಸ್ ಎ ಸ್ಮಾಲ್ ಥಿಂಗ್. ಈಗ ಕಾಲು ಸರಿಹೋಯ್ತಲ್ಲ. ಅಮ್ಮ ಇನ್ನೂ ದಿನಾ ಮೊದಲು ಕೂತು ಊಟ ಮಾಡ್ತಾರೆ. ನಾವಿಬ್ಬರೂ ವೇಟ್ ಮಾಡ್ತೀವಿ, ದಟ್ಸ್ ಫೈನ್. ಆದ್ರೆ ಹೋದ ಶನಿವಾರ ಗೆಸ್ಟ್ಸ್ ಬಂದಿದ್ರು, ಅವರಿಗಿಂತ ಮುಂಚೆ ಅಮ್ಮಾನೇ ತಟ್ಟೆ ಹಾಕ್ಕೊಂಡು ಕೂತ್ಬಿಟ್ರು. ಸ್ವಲ್ಪ ಆಕ್ವರ್ಡ್ ಆಯ್ತು. ಇನ್ನು ನಾಯಿಗೆ ಅದೆಲ್ಲ ಬೇಕಾ? ಮೊದಲಿನ ಥರಾನೇ ಇರಬಹುದಲ್ವಾ?"

ನಾಯಿಗೆ ಅಭ್ಯಾಸವಾಗಿದೆ, ಇನ್ನು ಬೇಕಾಗಿಲ್ಲ ಎಂಬುದೇ ಡಾಕ್ಟರಾಗಿ ನಾನು ಕೊಡಬೇಕಾದ ಉತ್ತರ. ಬಾಯಿ ತೆರೆದೆ. ಅಷ್ಟರಲ್ಲಿ ಜಾನಕಮ್ಮ ಬಗ್ಗಿ ಪುಟಾಣಿಯನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು ಮಗನ ಕಡೆ ತಿರುಗಿದರು.

"ಇವಳಿಗೆ ಬೇಡದೆ ಇರಬಹುದು ಕಣೋ. ನನಗೆ ಬೇಕು."